ಜೈಲುಮನೆಯ ಮಂಚಮ್ಮ

ಮೊದಲೇ ಹೇಳಿಬಿಡುತ್ತೇನೆ, ನಾನು ಅನುಮಾನದ ಪ್ರಾಣಿ. ಮೂವತ್ತೆರಡು ವರ್ಷ ನೋಂದಣಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಸತ್ತ ಅಪ್ಪನ ಹೆಬ್ಬೆಟ್ಟು ಹಾಕಿಕೊಂಡು ಬಂದವರನ್ನು, ಇರುವ ತಂಗಿಯನ್ನು ಇಲ್ಲವೆಂದು ಬರೆಸಿದವರನ್ನು ದಿನಾ ನೋಡಿದ ಕಣ್ಣಿದು. ನನ್ನ ಹೆಂಡತಿ ಮಲ್ಲಮ್ಮ ಹೇಳುವುದುಂಟು: "ನಿಮ್ಗೆ ದೇವ್ರು ಬಲಗಡೆ ಹೂವ ಕೊಟ್ರೂ ಪೂಜಾರಿ ಬಾಯಲ್ಲಿ ಊದಿದ್ನೇನೋ ಅಂತ ಅನುಮಾನ." ಇರಲಿ. ಈ ಅನುಮಾನವನ್ನು ನಾನು ಕಂಡ ಕಂಡವರ ಮೇಲೆಲ್ಲ ಎಸೆದೆ. ಎಸೆಯಬೇಕಾಗಿದ್ದ ಒಂದೇ ಒಂದು ಜಾಗ ಬಿಟ್ಟು. ಅದನ್ನು ನನಗೆ ತೋರಿಸಿಕೊಟ್ಟವಳು ಕುದೇರಿನ ಮಂಚಮ್ಮ. ಅವಳ ಕಥೆ ಹೇಳಬೇಕಾದರೆ ನಮ್ಮ ಸಂಘದ ಕಥೆಯನ್ನೂ ಹೇಳಬೇಕು.

ಸಂಘದ ಪೂರ್ತಿ ಹೆಸರು ಮಹಾಯುದ್ಧ ಸಾಗಣೆ ಪಡೆಯ ಯೋಧರ ವಂಶಸ್ಥರ ಸಂಘ. ಚಾಮರಾಜನಗರದಲ್ಲಿ ಅಷ್ಟುದ್ದ ಹೇಳುವಷ್ಟು ಪುರುಸೊತ್ತು ಯಾರಿಗಿದೆ? ಎಲ್ಲರಿಗೂ ಅದು ಬಸ್ರಾ ಸಂಘ. ಮೊದಲನೇ ಮಹಾಯುದ್ಧದಲ್ಲಿ ನಮ್ಮ ಸೀಮೆಯ ಮೂವತ್ತೊಂದು ಜನ ಮಹಾರಾಜರ ಸಾಗಣೆ ಪಡೆ ಸೇರಿ ಬಸ್ರಾಕ್ಕೆ ಹೋದರು. ಬಂದೂಕು ಹಿಡಿದವರಲ್ಲ. ಹೇಸರಗತ್ತೆಗಳ ಬೆನ್ನ ಮೇಲೆ ಹಿಟ್ಟು, ಬೇಳೆ, ಮದ್ದುಗುಂಡು ಹೊರಿಸಿ ಮುಂದಿದ್ದವರಿಗೆ ತಲುಪಿಸಿದವರು. ನಾಲ್ಕು ವರ್ಷ ಕಳೆದು ವಾಪಸು ಬಂದು, ೧೯೨೧ರಲ್ಲಿ ಈ ಸಂಘ ಕಟ್ಟಿದರು. ಅಪ್ಪ ಸತ್ತರೆ ಹಿರೀಮಗ ಅವನ ಜಾಗದಲ್ಲಿ ಕೂರಬೇಕು, ಹೆಣ್ಣುಮಕ್ಕಳಿಗೆ ಇಲ್ಲ, ಹೊರಗಿನವರಿಗೆ ಇಲ್ಲ. ಮೊದಲ ಕಾರ್ಯದರ್ಶಿ ನಮ್ಮ ತಾತ ಗುರುಸ್ವಾಮಿ. ಆಮೇಲೆ ನಮ್ಮಪ್ಪ. ೧೯೯೯ರಿಂದ ನಾನು, ಗುರುಮಲ್ಲಯ್ಯ.

ಯುಗಾದಿಯಾದ ಎರಡನೇ ಭಾನುವಾರ ರೈಲ್ವೆ ಸ್ಟೇಷನ್ ಹತ್ತಿರದ ನಮ್ಮ ಹೆಂಚಿನ ಕೋಣೆಯಲ್ಲಿ ವಾರ್ಷಿಕ ಸಭೆ. ಪ್ರತಿಯೊಬ್ಬನೂ ತನ್ನ ಊಟದ ತಟ್ಟೆಯನ್ನು ಮನೆಯಿಂದಲೇ ಬಟ್ಟೆಯಲ್ಲಿ ಸುತ್ತಿ ತರಬೇಕು; ತಾತನ ಕಾಲದ ಪದ್ಧತಿ. ಊಟಕ್ಕೆ ಮೊದಲು ಬಾಗಿಲು ಹಾಕಿ, ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಸಂಘದ ಮೊದಲ ಪುಸ್ತಕದ ಮೇಲೆ ಎಲ್ಲರೂ ಕೈಯಿಟ್ಟು "ಅಲ್ಲಿದ್ದು ಅಲ್ಲೇ" ಎನ್ನಬೇಕು. ಅಲ್ಲಿ ನಡೆದದ್ದು ಅಲ್ಲಿಯೇ ಇರಲಿ, ಹೊರಗೆ ಬಾಯಿ ಬಿಡುವುದಿಲ್ಲ ಎಂಬ ಆಣೆ. ಏನು ನಡೆದಿತ್ತು ಎಂದು ನಮಗ್ಯಾರಿಗೂ ಗೊತ್ತಿಲ್ಲ. ಮಿಲಿಟರಿ ಗುಟ್ಟು ಇರಬೇಕು, ಮಹಾರಾಜರೇ ನಂಬಿ ಒಪ್ಪಿಸಿದ್ದು ಎಂದು ಎದೆ ಉಬ್ಬಿಸಿಕೊಂಡು ಕೈಯಿಡುತ್ತಿದ್ದೆವು. ಆ ಪುಸ್ತಕ ಇರುವುದು ಕಾರ್ಯದರ್ಶಿಯ ಮನೆಯ ಬೀರುವಿನಲ್ಲಿ, ಆದರೆ ಅದನ್ನು ತೆರೆಯುವಂತಿಲ್ಲ. ವರ್ಷಕ್ಕೊಮ್ಮೆ ಹಳೇ ಹಗ್ಗ ತೆಗೆದು ಹೊಸದು ಕಟ್ಟುವುದಷ್ಟೇ ಕಾರ್ಯದರ್ಶಿಯ ಕೆಲಸ. ಆ ಗಂಟನ್ನೂ ಹಳೇ ಕಾರ್ಯದರ್ಶಿ ಹೊಸಬನಿಗೆ ಮಾತ್ರ ಹೇಳಿಕೊಡುತ್ತಾನೆ. ಎಷ್ಟು ಜಗ್ಗಿದರೂ ಜಾರುವುದಿಲ್ಲ, ಆದರೆ ಬಾಲ ಹಿಡಿದು ಒಂದು ಸಲ ಎಳೆದರೆ ಇಡೀ ಕಟ್ಟು ಸಡಿಲವಾಗಿ ಬಿದ್ದುಬಿಡುತ್ತದೆ.

೨೦೦೮ರ ಶುರುವಿನಲ್ಲಿ, ಕೋಣೆಯ ಮುಂದೆ ಒಂದು ಕಲ್ಲು ನಿಲ್ಲಿಸಿ ಮೂವತ್ತೊಂದು ಹೆಸರನ್ನೂ ಕೆತ್ತಿಸೋಣ ಎಂದು ತೀರ್ಮಾನವಾಯಿತು. ಅದೇ ಹೊತ್ತಿಗೆ ಯಾರೋ ಪುಣ್ಯಾತ್ಮ ಗಾಳಿಸುದ್ದಿ ಹಬ್ಬಿಸಿದ: ಬದನಗುಪ್ಪೆಯಲ್ಲಿ ಕಾರ್ಖಾನೆಗಳು ಬರುತ್ತವಂತೆ, ಯುದ್ಧಕ್ಕೆ ಹೋದವರ ಮನೆಗೊಂದು ಕೆಲಸವಂತೆ. ಸರಿ, ಶುರುವಾಯಿತಲ್ಲ! ಎಲ್ಲರ ತಾತಂದಿರೂ ಬಸ್ರಾಕ್ಕೆ ಹೋಗಿಬಂದವರಾದರು. ಒಬ್ಬ ಸಮವಸ್ತ್ರ ತೊಟ್ಟ ತಾತನ ಫೋಟೋ ತಂದ. ಭೂತಗನ್ನಡಿ ಹಿಡಿದು ನೋಡುತ್ತೇನೆ, ಮದುವೆ ಬ್ಯಾಂಡ್‌ಸೆಟ್ಟಿನ ಉಡುಪು, ಕಂಕುಳಲ್ಲಿ ತುತ್ತೂರಿಯ ತುದಿ ಬೇರೆ ಕಾಣುತ್ತಿದೆ. ಒಟ್ಟು ಏಳು ಜನರನ್ನು ಹಿಂದಕ್ಕೆ ಕಳಿಸಿದೆ. ಸುಳ್ಳೇಕೆ, ಒಬ್ಬೊಬ್ಬರನ್ನು ಕಳಿಸುವಾಗಲೂ ಒಳಗೊಳಗೇ ಖುಷಿಯಾಗುತ್ತಿತ್ತು.

ಎಂಟನೆಯವಳಾಗಿ ಬಂದವಳು ಮಂಚಮ್ಮ. ಫೆಬ್ರವರಿ ತಿಂಗಳು, ಬೆಳಗಿನ ಹತ್ತು ಗಂಟೆ. ನಲವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಸೀರೆಯ ಮೇಲೆ ಗಂಡಸರ ಶರ್ಟು, ಮೊಣಕೈವರೆಗೂ ಅರಿಸಿನ.

"ಕುದೇರಿಂದ ಬಂದಿವ್ನಿ ಸಾರ್, ಮಂಚಮ್ಮ ಅಂತ. ಅರಿಸಿನದ ಮಾರ್ಕೆಟ್ಟಲ್ಲಿ ಲೋಡು ಕಟ್ಟ ಕೆಲ್ಸ. ಕಲ್ಲಿನ ಮ್ಯಾಲ ಎಸ್ರು ಕೆತ್ತುಸ್ತಿದ್ದೀರಂತಲ್ಲ, ನಮ್ಮ ತಾತ್ನ ಎಸ್ರು ಬುಟ್ಟೋಗದ."

ಹೀಗೆಂದು ನಮ್ಮ ಮನೆಯ ಜಗಲಿಯ ಮೇಲೆ ತಾನೇ ಕೂತಳು. ಅವಳ ಅಮ್ಮನ ಕಾಲದಲ್ಲಾಗಿದ್ದರೆ ದಲಿತರ ಕೇರಿಯ ಹೆಂಗಸರು ನಮ್ಮಂಥ ಲಿಂಗಾಯತರ ಮನೆ ಅಂಗಳದಲ್ಲಿ ನಿಂತು "ಬುದ್ಧಿ" ಎನ್ನುತ್ತಿದ್ದರು. ಇವಳು ಕೂತು "ಸಾರ್" ಅಂದಳು. ಅದು ನನಗೆ ಚುಚ್ಚಿತು. ಈಗ ಬರೆಯಲು ನಾಚಿಕೆ, ಆದರೆ ನನ್ನ ಅನುಮಾನ ಹುಟ್ಟಿದ್ದೇ ಅಲ್ಲಿಂದ.

"ನಿಮ್ಮ ತಾತನ ಹೆಸರೇನಮ್ಮ?"

"ದೊಡ್ಡಮಾದಯ್ಯ."

"ಪಟ್ಟಿಯಲ್ಲಿ ಆ ಹೆಸರಿಲ್ಲ. ಪಡೆಯಿಂದ ಬಿಡುಗಡೆಯಾದಾಗ ಕೊಟ್ಟ ಕಾಗದ ಇದೆಯಾ?"

"ಅದು ನಿಮ್ಮ ಸಂಗದಲ್ಲೇ ಅದ ಅಂತಿದ್ದ ನಮ್ಮಪ್ಪ. ಎಲ್ಲಾರ್ದೂ ಒಂದ್ಕಡ ಇರ್ಲಿ ಅಂತ ಇಸ್ಕಂಡಿದ್ರಂತ, ವಾಪಸ್ ಕೊಡ್ಲಿಲ್ವಂತ."

ಆಹಾ, ಎಂಥಾ ಜಾಣೆ ಅಂದುಕೊಂಡೆ. ದಾಖಲೆ ತಾ ಎಂದರೆ ನಿನ್ನ ಬೀರುವಿನಲ್ಲೇ ಇದೆ ಎನ್ನುತ್ತಾಳೆ! ಕಚೇರಿಯಲ್ಲಿ ಇಂಥವರನ್ನು ನೂರು ಜನ ನೋಡಿದ್ದೇನೆ.

"ನೋಡಮ್ಮ, ಹೆಣ್ಣುಮಕ್ಕಳಿಗೆ ಸಂಘದಲ್ಲಿ ಜಾಗವಿಲ್ಲ. ಬದನಗುಪ್ಪೆ ಕೆಲಸದ ಮಾತೆಲ್ಲ ಬರೀ ಪುಕಾರು."

"ನಿಮ್ ಸಂಗ ಕಟ್ಕಂಡು ನಂಗೇನಾಗ್ಬೇಕು ಸಾರ್? ಕೆಲ್ಸವೂ ಬ್ಯಾಡ, ಸೈಟೂ ಬ್ಯಾಡ. ಎಸ್ರು ಕೆತ್ಸಿ, ಸಾಕು." ಅವಳೇ ಮುಂದುವರಿಸಿದಳು. "ನನ್ ಮಗ್ಳು ಸಿಂಧು ಒಂಬತ್ನೇ ಕ್ಲಾಸು. ಅವ್ಳ ಕ್ಲಾಸಲ್ಲಿ ಇಬ್ರು ಸಿಂಧು ಅವ್ರ. ಒಬ್ಳು ಟೀಚರ್ ಸಿಂಧು, ಅವ್ಳ ಅವ್ವ ಟೀಚ್ರು. ನಮ್ಮವ್ಳು ಜೈಲು ಸಿಂಧು. ಎಂಟ್ ದಿನಾಯ್ತು, ಸ್ಕೂಲಿಗ ಓಗಕಿಲ್ಲ ಅಂತ ಮೂಲ ಹಿಡ್ದು ಕುಂತವ್ಳ."

ಕುದೇರಿನಲ್ಲಿ ಅವರ ಮನೆಗೆ ಜೈಲುಮನೆ ಎಂದೇ ಹೆಸರಂತೆ. ದೊಡ್ಡಮಾದಯ್ಯ ನಾಲ್ಕು ವರ್ಷ ಊರಲ್ಲಿರಲಿಲ್ಲ. ಬಂದವನು ಬಸ್ರಾಕ್ಕೆ ಹೋಗಿದ್ದೆ ಎಂದ. ಬಸ್ರಾ ಸಂಘದವರು ಇವನು ನಮ್ಮ ಜೊತೆ ಬಂದೇ ಇಲ್ಲ ಎಂದರು. ಹಾಗಾದರೆ ಎಲ್ಲಿದ್ದ? ಜೈಲಿನಲ್ಲಿ. ಅಷ್ಟೇ. ಅಂದಿನಿಂದ ಮಗ ಜೈಲುಮನೆ ಮಾದ, ಮೊಮ್ಮಗಳು ಜೈಲುಮನೆ ಮಂಚಿ, ಮರಿಮಗಳು ಜೈಲು ಸಿಂಧು. ಮಂಚಮ್ಮ ಒಬ್ಬಳೇ ಮಗಳು, ಗಂಡ ಮನೆಅಳಿಯನಾಗಿ ಬಂದಿದ್ದವನು. ಅವನೂ ತೀರಿಕೊಂಡ ಮೇಲೆ ಆ ಹೆಸರು ಹೊರಲು ಉಳಿದವರು ಇವರಿಬ್ಬರೇ.

"ವಿಚಾರಿಸುತ್ತೇನೆ" ಎಂದು ಕಳಿಸಿದೆ. ಮಲ್ಲಮ್ಮ ಒಳಗಿನಿಂದಲೇ, "ಆ ಯಮ್ಮ ಸುಳ್ಳು ಹೇಳೋಳಂಗೆ ಕಾಣಕಿಲ್ಲ" ಎಂದಳು. "ಏನೂ ಬೇಡ ಅನ್ನುವವರೇ ಎಲ್ಲರಿಗಿಂತ ಅಪಾಯ, ಬೆಳ್ಳಗಿರುವುದೆಲ್ಲ ಹಾಲಲ್ಲ" ಎಂದೆ.

ಮಾರನೇ ದಿನ ಬಸ್ಸು ಹತ್ತಿ ಕುದೇರಿಗೆ ಹೋದೆ. ಟೀ ಅಂಗಡಿಯಲ್ಲಿ ಕೂತು ಮೆಲ್ಲಗೆ ಮಾತು ತೆಗೆದೆ. ದೊಡ್ಡಮಾದಯ್ಯ ಜೈಲಿಗೆ ಹೋಗಿದ್ದು ನಿಜವಾ? ನಿಜ, ನಿಜ, ಊರಿಗೆಲ್ಲ ಗೊತ್ತು. ಯಾಕೆ ಹೋಗಿದ್ದ? ಎತ್ತು ಕದ್ದಿದ್ದ ಎಂದ ಒಬ್ಬ. ಗಂಧದ ಮರ ಎಂದ ಇನ್ನೊಬ್ಬ. ಅಮಲ್ದಾರರಿಗೆ ಕೈ ಮಾಡಿದ್ದ ಎಂದ ಮತ್ತೊಬ್ಬ. ಯಾವ ಜೈಲು? ಮೈಸೂರು, ಬೆಂಗಳೂರು, ಕೊಯಮತ್ತೂರು, ಮೂರು ಬಾಯಿಗೆ ಮೂರು ಜೈಲು. ಜೈಲು ಎಲ್ಲರಿಗೂ ಗೊತ್ತು, ಅಪರಾಧ ಯಾರಿಗೂ ಗೊತ್ತಿಲ್ಲ. ಇದೇ ಮಾತು ಕಚೇರಿಯಲ್ಲಿ ಯಾರಾದರೂ ಹೇಳಿದ್ದರೆ ನಾನು ಅವರ ಕಾಗದವನ್ನು ಮುಖಕ್ಕೆ ಎಸೆಯುತ್ತಿದ್ದೆ. ಅಲ್ಲಿ ಮಾತ್ರ ಟೀ ಕುಡಿದು, ಕೆಲಸವಾಯಿತು ಎಂದು ಬಸ್ಸು ಹತ್ತಿದೆ. ನಮಗೆ ಬೇಕಾದ ಉತ್ತರ ಸಿಕ್ಕರೆ ಅನುಮಾನವೂ ನಿದ್ದೆ ಮಾಡುತ್ತದೆ.

ವಿಷಯ ತಿಳಿಸಿಬಿಡೋಣ ಎಂದು ಚಾಮರಾಜನಗರದ ಮಾರುಕಟ್ಟೆಯ ಅಂಗಳಕ್ಕೆ ಹೋದೆ. ಅರಿಸಿನದ ಸುಗ್ಗಿ, ನೆಲ, ಗೋಡೆ, ನಾಯಿ, ಎಲ್ಲವೂ ಹಳದಿ. ಮಂಚಮ್ಮ ಲಾರಿಯ ಮೇಲಿದ್ದಳು. ಈರೋಡಿಗೆ ಹೋಗುವ ಲೋಡು. ಹನ್ನೆರಡನೇ ವರ್ಷಕ್ಕೆ ಅಪ್ಪನ ಜೊತೆ ಈ ಕೆಲಸಕ್ಕೆ ಬಂದವಳಂತೆ. ಘಾಟಿ ಇಳಿಯುವ ಡ್ರೈವರುಗಳು ಮಂಚಮ್ಮನೇ ಕಟ್ಟಬೇಕು ಎಂದು ಕಾಯುತ್ತಾರೆ, ಅವಳು ಕಟ್ಟಿದ ಲೋಡು ಇವತ್ತಿನವರೆಗೆ ಒಂದು ಮೂಟೆ ಜಾರಿಲ್ಲ ಎಂದು ಪಕ್ಕದಲ್ಲಿದ್ದ ಹಮಾಲಿ ಹೇಳಿದ. ಅವಳ ಬಾಯಿಗೂ ಎಲ್ಲರೂ ಹೆದರುತ್ತಿದ್ದರು. ಮೇಲಿನಿಂದಲೇ ಒಬ್ಬನಿಗೆ, "ಲೋ, ಅಗ್ಗ ಇಡಿಯೋ ಅಂದ್ರ ಎಮ್ಮೆ ಬಾಲ ಇಡ್ದಂಗ ಇಡ್ದಿದ್ದಿಯಲ್ಲ, ಬುಡ್ಲಾ ಅತ್ಲಾಗ" ಎಂದು ಗದರುತ್ತಿದ್ದಳು.

ನನ್ನನ್ನು ಕಂಡು ಇಳಿದು ಬಂದಳು. ಹೇಳಿದೆ. ಊರವರೆಲ್ಲ ಜೈಲು ಎನ್ನುತ್ತಾರೆ, ಏನೂ ಮಾಡುವ ಹಾಗಿಲ್ಲ ಎಂದೆ.

"ಊರೋರು ಅಂದದ್ದ ಕೇಳಕ ಕುದೇರ್ಗಂಟ ಓಗಿದ್ರಾ? ನನ್ನ ಕೇಳಿದ್ರ ನಾನೇ ಏಳ್ತಿದ್ನಲ್ಲ, ದಿನಾ ಕೇಳೋಳು ನಾನೇ ಅಲ್ವಾ." ಅವಳಿಗೆ ಸಿಟ್ಟು ಬಂದಿತ್ತು. "ಬನ್ನಿ ಇಲ್ಲಿ. ನಮ್ಮ ತಾತ ಜೈಲಲ್ಲಿ ಕಲ್ತ ಇದ್ಯ ತೋರುಸ್ತಿನಿ."

ಲಾರಿಯ ಪಕ್ಕದಲ್ಲಿ ಹಗ್ಗದ ತುದಿ ಕೈಗೆ ತೆಗೆದುಕೊಂಡಳು. ಕೊಕ್ಕೆಗೆ ಎರಡು ಸುತ್ತು, ಒಂದು ಮಡಿಕೆ, ಮಡಿಕೆಯೊಳಗಿಂದ ಇನ್ನೊಂದು ಮಡಿಕೆ. "ಜಗ್ಗಿ" ಎಂದಳು. ನಾನೂ ಹಮಾಲಿಯೂ ಸೇರಿ ಜಗ್ಗಿದೆವು, ಗಂಟು ಮಿಸುಕಲಿಲ್ಲ. "ಗುಂಡು ಬಿದ್ದು ಕತ್ತೆ ಕುಸಿದ್ರ ಬಿಚ್ಕಂಡು ಕುಂತ್ಕಳ ಒತ್ತಿರ್ದಿಲ್ವಂತ, ಅದ್ಕ ಇಂಗ" ಎನ್ನುತ್ತ ಬಾಲ ಹಿಡಿದು ಒಂದೇ ಒಂದು ಸಲ ಎಳೆದಳು. ಹಗ್ಗ ಪೂರ್ತಿ ಸಡಿಲವಾಗಿ ಕಾಲ ಬಳಿ ಬಿತ್ತು.

ಅದು ನಮ್ಮ ಪುಸ್ತಕದ ಗಂಟು. ಕಾರ್ಯದರ್ಶಿಗಳಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲದ, ನಮ್ಮಪ್ಪ ಸಾಯುವ ಎರಡು ತಿಂಗಳ ಮುಂಚೆ ನನಗೆ ಹೇಳಿಕೊಟ್ಟ ಗಂಟು.

ಬೇರೆ ಯಾರಾದರೂ ಆಗಿದ್ದರೆ, ಓಹೋ, ಇವಳ ತಾತ ನಿಜವಾಗಿಯೂ ಹೋಗಿದ್ದ ಎನ್ನುತ್ತಿದ್ದರು. ನಾನು ಅಂದುಕೊಂಡದ್ದು, ಇದನ್ನು ಇವಳಿಗೆ ಯಾರು ಹೇಳಿಕೊಟ್ಟರು? ಯಾರೋ ಸಂಘದವರೇ ಒಳಗಿನಿಂದ ಕೈಯಾಡಿಸುತ್ತಿದ್ದಾರೆ. ಯಾರಿರಬಹುದು ಎಂದು ಯೋಚಿಸಿದಾಗ ನೆನಪಾದವರು ಗುಂಡ್ಲುಪೇಟೆಯ ಹಿದಾಯತ್ ಉಲ್ಲಾ. ನಮ್ಮ ಸಂಘದ ಅಧ್ಯಕ್ಷರು, ಎಪ್ಪತ್ತು ದಾಟಿದವರು. ಅವರ ತಾತ ಆ ಪಡೆಯಲ್ಲಿ ದಫೇದಾರ್ ಆಗಿದ್ದವರು. ಕೇರಳಕ್ಕೆ ಹೋಗುವ ಲಾರಿಗಳಿಗೆ ಟಾರ್ಪಾಲು ಹೊಲಿಯುವ ಅಂಗಡಿ ಅವರದು. ಟಾರ್ಪಾಲು ಇದ್ದಲ್ಲಿ ಹಗ್ಗ, ಹಗ್ಗ ಇದ್ದಲ್ಲಿ ಗಂಟು. ಏಳು ಅರ್ಜಿ ತಿರಸ್ಕರಿಸಿದಾಗ ಮಾತಾಡದಿದ್ದವರು ಮಂಚಮ್ಮನ ಅರ್ಜಿ ಎಂದಾಗ ಮಾತ್ರ ಫೋನಿನಲ್ಲಿ "ಸ್ವಲ್ಪ ನೋಡಿ ಮಾಡಿ" ಎಂದಿದ್ದರು. ಸಿಕ್ಕಿಬಿದ್ದರು ಸಾಹೇಬರು!

ಅವತ್ತೇ ಮಧ್ಯಾಹ್ನ ಗುಂಡ್ಲುಪೇಟೆ ಬಸ್ಸು ಹಿಡಿದೆ. ಅಂಗಡಿಯಲ್ಲಿ ಅವರು ದಬ್ಬಳ ಹಿಡಿದು ಟಾರ್ಪಾಲಿನ ಅಂಚು ಹೊಲಿಯುತ್ತಿದ್ದರು. ಕೂರಲೂ ಇಲ್ಲ ನಾನು.

"ಸಾಹೇಬ್ರೇ, ಆ ಕುದೇರು ಹೆಂಗಸಿಗೆ ಗಂಟು ಹೇಳಿಕೊಟ್ಟವರು ನೀವೇ ತಾನೇ?"

ಅವರು ಕನ್ನಡಕ ಮೇಲೆತ್ತಿ ನೋಡಿದರು. ಕೋಪಿಸಿಕೊಳ್ಳಲಿಲ್ಲ. "ನಂಗೆಲ್ಲಿ ಬರ್ತದೆ ಗುರುಮಲ್ಲಯ್ಯನೋರೆ ಆ ಗಂಟು? ನಿಮ್ಮ ತಾತನಿಗೆ ಅದನ್ನ ಕಲಿಸಿದ್ದು ಯಾರು ಅಂತ ನೀವು ಯಾವತ್ತಾದ್ರೂ ಕೇಳಿದ್ರಾ?"

"ಪಡೆಯಲ್ಲಿ ಕಲಿಸಿರುತ್ತಾರೆ."

"ಪಡೇಲಿ ಯಾರು?" ಅವರು ದಬ್ಬಳವನ್ನು ಬಟ್ಟೆಗೆ ಚುಚ್ಚಿ ಬದಿಗಿಟ್ಟರು. "ನೋಡಿ ಅಣ್ಣಾ, ನಾನೂ ಪ್ರತಿ ವರ್ಷ ಪುಸ್ತಕದ ಮೇಲೆ ಕೈಯಿಟ್ಟು ಅಲ್ಲಿದ್ದು ಅಲ್ಲೇ ಅಂದೋನು. ನಮ್ಮ ದಾದಾ, ಆ ದಫೇದಾರ್ ತಾತ, ಮನೇಲಿ ಎಲ್ಲಾ ಹೇಳಿದ್ರು, ನಮಗೆ ಅದರಲ್ಲಿ ಮುಚ್ಚಿಡೋದು ಏನೂ ಇರ್ಲಿಲ್ಲ. ಆದ್ರೆ ಆಣೆ ಆಣೆನೇ, ನನ್ನ ಬಾಯಿಂದ ಬರಲ್ಲ. ಪುಸ್ತಕ ತೆಗೀಬಾರ್ದು ಅಂತ ಮಾತ್ರ ಯಾರೂ ಆಣೆ ಹಾಕಿಲ್ಲ, ಅದು ಬರೀ ರೂಢಿ. ಒಂಬತ್ತು ವರ್ಷದಿಂದ ನಿಮ್ಮ ಬೀರುವಲ್ಲಿ ಇದೆ. ಎಲ್ಲರ ಮೇಲೂ ಅನುಮಾನ ಪಡ್ತೀರಲ್ಲ, ಅದರ ಮೇಲೆ ಒಂದು ದಿನಾನೂ ಬರ್ಲಿಲ್ವಾ?"

ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅವರ ಮೇಲೆ ಇನ್ನೂ ಸಿಟ್ಟಿತ್ತು. ಮುದುಕ ಮಾತು ತಿರುಗಿಸಿದ ಎಂದೇ ಅಂದುಕೊಂಡೆ. ಮರುದಿನ ಬೆಳಿಗ್ಗೆ ಸ್ನಾನ ಪೂಜೆ ಮುಗಿಸಿ ಕೆಂಪು ಗಂಟನ್ನು ಜಗಲಿಗೆ ತಂದು ಬಾಲ ಹಿಡಿದು ಎಳೆದೆ. ಮಲ್ಲಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಮೊದಲ ಪುಟದಲ್ಲಿ ಹೆಸರುಗಳು. ಎಣಿಸಿದೆ, ಮೂವತ್ತೆರಡು. ಒಂಬತ್ತನೆಯದರ ಮೇಲೆ ಗೀಟು: "ದೊಡ್ಡಮಾದ, ಕುದೇರು, ಹೊರೆ ಕಟ್ಟುವುದರಲ್ಲಿ ಎಲ್ಲರಿಗೂ ಶಿಕ್ಷಕ." ಎರಡು ಪುಟ ಬಿಟ್ಟು ಒಂದು ನಿರ್ಣಯ. ಅದನ್ನು ಬರೆದ ಕೈ ನನಗೆ ಚೆನ್ನಾಗಿ ಗೊತ್ತು, ನನಗೆ ಅಕ್ಷರ ತಿದ್ದಿಸಿದ ಕೈ ಅದು. ಅಕ್ಷರಶಃ ಹೀಗಿತ್ತು:

"ಹೊಳೆಯ ಮೇಲೆ ದೋಣಿಯಲ್ಲಿ ಹದಿನೈದು ದಿನ ಬೇರೆ ಉಪಾಯವಿಲ್ಲದೆ ಎಲ್ಲ ಜಾತಿಯವರೂ ಒಂದೇ ಹಂಡೆಯಲ್ಲಿ ಬೇಯಿಸಿದ ಮಾಂಸಾದಿಗಳನ್ನು ದೊಡ್ಡಮಾದನ ಕೈಯಿಂದ ಉಂಡ ಸಂಗತಿಯನ್ನು ಸದರಿಯವನು ಕುದೇರು ಗ್ರಾಮದಲ್ಲಿ ಪ್ರಸ್ತಾಪಿಸಿರುತ್ತಾನೆ. ಇದರಿಂದ ನಮಗೆಲ್ಲ ಬಹಿಷ್ಕಾರವಾಗುವ ಸಂಭವವುಂಟು. ಆದಕಾರಣ ಸದರಿಯವನು ನಮ್ಮೊಂದಿಗೆ ಬಂದವನೇ ಅಲ್ಲವೆಂದು ಎಲ್ಲರೂ ಹೇಳತಕ್ಕದ್ದು. ನಾಲ್ಕು ವರ್ಷ ಎಲ್ಲಿದ್ದನೆಂದು ಕೇಳಿದರೆ ಜೈಲಿನಲ್ಲಿದ್ದನೆಂದು ಹೇಳತಕ್ಕದ್ದು. ಅವನ ಕಾಗದವನ್ನು ಹಿಂದಿರುಗಿಸತಕ್ಕದ್ದಲ್ಲ. ಗುರುಸ್ವಾಮಿ, ಕಾರ್ಯದರ್ಶಿ."

ಕಾಗದ ಕೊನೆಯ ಪುಟದಲ್ಲಿ ನಾಲ್ಕಾಗಿ ಮಡಿಸಿಕೊಂಡು ಇತ್ತು. ಸೀಲು, ನಂಬರು, ಬೆರಳಚ್ಚು ಎಲ್ಲ ಸರಿಯಾಗಿತ್ತು. ಮಂಚಮ್ಮ ಹೇಳಿದ ಹಾಗೆಯೇ, ನನ್ನ ಬೀರುವಿನಲ್ಲಿ.

ಮಿಲಿಟರಿ ಗುಟ್ಟಂತೆ, ಮಹಾರಾಜರು ನಂಬಿ ಒಪ್ಪಿಸಿದ್ದಂತೆ, ಥೂ! ಹಸಿದಾಗ ಒಬ್ಬ ಮನುಷ್ಯ ಅನ್ನ ಹಾಕಿದ ಎನ್ನುವುದನ್ನು ಮುಚ್ಚಲು ಎಂಬತ್ತೇಳು ವರ್ಷ ಬಾಗಿಲು ಹಾಕಿಕೊಂಡು ಆಣೆ ಮಾಡಿದ್ದೇವೆ. ತಟ್ಟೆಗಳನ್ನು ಮನೆಯಿಂದ ಹೊತ್ತುಕೊಂಡು ಹೋದದ್ದೂ ಅದಕ್ಕೇ, ನಾವು ಬೇರೆಯವರ ತಟ್ಟೆ ಮುಟ್ಟುವವರಲ್ಲ ಎಂದು ಪೇಟೆಗೆ ತೋರಿಸಲು. ನಮ್ಮ ತಾತನೆಂದರೆ ನನಗೆ ದೇವರು. ಅವತ್ತು ಆ ಪುಟ ಹಿಡಿದುಕೊಂಡು ಅತ್ತೆ. ಮಲ್ಲಮ್ಮ ಓದಿಸಿಕೊಂಡು, "ಆ ಮಗೂನ ಸ್ಕೂಲು ಬುಡಿಸಿದ್ದು ನಮ್ಮನೆಯೋರೇ ಅಂದಂಗಾಯ್ತು" ಎಂದು ಒಳಗೆ ಹೋದಳು.

ಯುಗಾದಿಯಾಗಿ ಸಭೆ ಬಂತು. ಬಾಗಿಲು ಹಾಕಿದ ಮೇಲೆ ಪುಸ್ತಕ ಬಿಚ್ಚಿ ಓದಿದೆ. ಹತ್ತೊಂಬತ್ತು ಜನರಿದ್ದರು. ಮೊದಲು ಎದ್ದು ನಿಂತವರು ನಿವೃತ್ತ ಹೆಡ್‌ಮಾಸ್ಟರ್ ಶಿವಮಲ್ಲು. "ಹೆಸರು ಕೆತ್ತಿಸೋಣ, ಅದಕ್ಕೆ ಯಾರ ತಕರಾರೂ ಇಲ್ಲ. ಈಗ ಯಾರು ಎಲ್ಲಿ ಉಂಡರು ಅಂತ ಯಾರಿಗೆ ಬೇಕು? ಆದರೆ ಜೈಲಿನ ವಿಷಯ ಹೊರಗೆ ಹೋಗೋದು ಬೇಡ. ತಾತಂದಿರು ಸುಳ್ಳುಗಾರರು ಅನ್ನಿಸಿಕೊಳ್ಳಬೇಕಾ? ಅಲ್ಲಿದ್ದು ಅಲ್ಲೇ." ಹಿದಾಯತ್ ಉಲ್ಲಾ ಒಬ್ಬರೇ, "ಅರ್ಧ ಸತ್ಯ ಕೆತ್ತಿದ್ರೆ ಕಲ್ಲು ದಂಡ" ಎಂದರು. ಉಳಿದವರೆಲ್ಲ ಶಿವಮಲ್ಲು ಕಡೆ ಕೈ ಎತ್ತಿದರು. ನಾನು? ನಾನೂ ಎತ್ತಿದೆ. ಹೆಸರು ಕೇಳಿದ್ದಳು, ಹೆಸರು ಕೊಟ್ಟರಾಯಿತು, ತಾತನ ಮಾನವೂ ಉಳಿಯಿತು ಎಂದು ಲೆಕ್ಕ ಹಾಕಿದೆ.

ಮೇ ತಿಂಗಳಲ್ಲಿ ಕಲ್ಲು ನಿಂತಿತು. ಮಂಚಮ್ಮ ಕೆಲಸದಿಂದ ನೇರ ಬಂದಳು. ಬೆರಳಿಟ್ಟು ಒಂದೊಂದೇ ಹೆಸರು ಓದುತ್ತ ಬಂದು ಒಂಬತ್ತನೆಯದರ ಮೇಲೆ ನಿಲ್ಲಿಸಿದಳು. ದೊಡ್ಡಮಾದಯ್ಯ, ಕುದೇರು. ಕಾಗದವನ್ನು ಕೈಗೆ ಕೊಟ್ಟೆ. ಬಹಳ ಹೊತ್ತು ಹಿಡಿದುಕೊಂಡಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಕಾಗ್ಜ ನಿಮ್ಮತ್ರ ಇತ್ತು, ಎಸ್ರೂ ಇತ್ತು. ಮತ್ತ ಜೈಲು ಅಂದೋರ್ಯಾರು ಸಾರ್?"

ಗೊತ್ತಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನಾನು ಜನರನ್ನು ನೋಡುತ್ತಿದ್ದ ನೋಟವೇ ಅದು, ಒಂದು ಮಾತನ್ನೂ ನಂಬದ ನೋಟ. ಎದುರು ನಿಲ್ಲಲಾಗಲಿಲ್ಲ.

"ನಮ್ಮ ತಾತ ಕಣಮ್ಮ" ಎಂದೆ. ಹಂಡೆ, ದೋಣಿ, ನಿರ್ಣಯ, ಎಲ್ಲವನ್ನೂ ಹೇಳಿದೆ.

ಅಳುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಕೆಂಪಾಯಿತು. "ಮಾತು ಆಡುದ್ರ ಓಯ್ತು, ಮುತ್ತು ಒಡುದ್ರ ಓಯ್ತು ಅಂತಾರ. ನಿಮ್ ತಾತ ಆಡ್ಬುಟ್ಟು ಓದ. ನಮ್ಮ ತಾತ ಅದ ಒತ್ಕಂಡೇ ಸತ್ತ, ನಮ್ಮಪ್ಪ ಒತ್ಕಂಡೇ ಸತ್ತ. ಉಣ್ಣಕ್ಕ ಇಕ್ಕಿದ್ದು ತಪ್ಪಾ ಸಾರ್? ಕಲ್ಲು ಇಲ್ಲಿ ಅದ, ಜೈಲು ಅನ್ನದು ಅಲ್ಲಿ ಅದ. ಕುದೇರ್ನೋರು ಇಲ್ಲಿಗ ಬಂದು ಓದ್ತಾರಾ? ನೀವು ಬನ್ನಿ. ನಮ್ಮೂರ್ಗ ಬಂದು ಬಾಯ್ಬುಟ್ಟು ಏಳಿ."

"ಸಂಘದವರು ನನ್ನನ್ನು ಹೊರಗೆ ಹಾಕುತ್ತಾರೆ."

"ಆಕ್ಲಿ ಬುಡಿ. ನಮ್ಮನ್ನ ಆಕಿರ್ನಿಲ್ವಾ?"

ಮುಂದಿನ ಭಾನುವಾರ ಕುದೇರಿಗೆ ಹೋಗಿ, ಮಂಚಮ್ಮನಿಂದ ಕಾಗದ ಇಸಿದುಕೊಂಡು ಅದೇ ಟೀ ಅಂಗಡಿಗೆ ನಡೆದೆ. ಹತ್ತು ಹದಿನೈದು ಜನರಿದ್ದರು. ನಿಂತು ಹೇಳಿದೆ: ದೊಡ್ಡಮಾದಯ್ಯ ಜೈಲಿಗೆ ಹೋಗಿರಲಿಲ್ಲ, ಬಸ್ರಾಕ್ಕೆ ಹೋಗಿದ್ದ, ಇದು ಕಾಗದ, ಜೈಲು ಎಂಬುದು ಸಂಘ ಹುಟ್ಟಿಸಿದ ಸುಳ್ಳು. ಎಲ್ಲರೂ ಕೇಳಿಸಿಕೊಂಡರು. ನಂತರ ಒಬ್ಬ ಬೀಡಿ ಆರಿಸುತ್ತ, "ಆವತ್ತು ಇಲ್ಲೇ ಕುಂತು ಜೈಲು ನಿಜವಾ ಅಂತ ಕೇಳ್ಕಂಡು ಓದೋರು ನೀವೇ ಅಲ್ವಾ? ಈಗ ಇಂಗ್ಯಾಕ ತಿರುಗ್ದ್ರಿ?" ಎಂದ. ಇನ್ನೊಬ್ಬ ಕಾಗದ ತಿರುಗಿಸಿ ನೋಡಿ, "ಕಲರ್ ಜೆರಾಕ್ಸು ಎಲ್ಲಿ ಬೇಕಾದ್ರೂ ಮಾಡ್ಕೊಡ್ತಾರ" ಎಂದ. "ಬದನಗುಪ್ಪೆ ಕೆಲ್ಸಕ್ಕ ಮಂಚಿ ಸರ್ಯಾಗೇ ದಾರಿ ಇಡ್ದವ್ಳ ಬುಡು" ಎಂದು ಮೂರನೆಯವನು ನಕ್ಕ. ನಾನು ಮಾತಾಡಿದಷ್ಟೂ ಅವರ ಕಣ್ಣು ಕಿರಿದಾಗುತ್ತಿತ್ತು. ಪ್ರಮಾಣ ಮಾಡಿದೆ, ಅದಕ್ಕೂ ನಕ್ಕರು. ನಿಜ ಹೇಳಿದರೂ ನಂಬದಿದ್ದರೆ ಹೇಗೆ ಉರಿಯುತ್ತದೆ ಎಂಬುದು ಅರವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ಗೊತ್ತಾಯಿತು.

ಹೊರಗೆ ಬಂದಾಗ ಮಂಚಮ್ಮ ಬೇಲಿಯ ಹತ್ತಿರ ನಿಂತಿದ್ದಳು. ಎಲ್ಲ ಕೇಳಿಸಿತ್ತು. "ನಂಬಲಿಲ್ಲ ಕಣಮ್ಮ, ನಾನೇನು ಮಾಡಲಿ" ಎಂದೆ.

"ಒಂದ್ಸಲ ಏಳ್ಬುಟ್ರ ಓಗ್ಬುಟ್ಟದಾ? ಸುಳ್ಳು ಮನಮನಗೂ ಓಗಿ ಕುಂತದ. ನೀವೂ ಮನಮನಗೂ ಬನ್ನಿ, ನಡೀರಿ" ಎಂದು ಮುಂದೆ ನಡೆದಳು. ಸಿಂಧುವಿನ ಶಾಲೆ ಶುರುವಾಗಲು ಇನ್ನು ಹನ್ನೆರಡು ದಿನವಿತ್ತು.

ಮೊದಲ ಮೂರು ಮನೆಯಲ್ಲೂ, ನಾನು ಬಸ್ರಾ ಸಂಘದ ಕಾರ್ಯದರ್ಶಿ ಎಂದು ಶುರುಮಾಡಿದೆ. ಮೂರೂ ಕಡೆ ಬಾಗಿಲಲ್ಲೇ ನಿಲ್ಲಿಸಿ, ಹೂಂ ಹೂಂ ಎಂದು ಕಳಿಸಿದರು. ನಾಲ್ಕನೇ ಮನೆಯ ಜಗಲಿಯಲ್ಲಿ ಚಿಕ್ಕನಿಂಗಮ್ಮ ಎಂಬ ಮುದುಕಿ ರಾಗಿ ಕೇರುತ್ತಿದ್ದಳು, ತೊಂಬತ್ತಕ್ಕೆ ಹತ್ತಿರ. ಕಣ್ಣು ಮಂದ. ಹೆಜ್ಜೆ ಸದ್ದಿಗೆ ತಲೆಯೆತ್ತಿ, "ಯಾರು, ಜೈಲುಮನೆ ಮಂಚಿನಾ? ಜೊತೇಲಿರೋದ್ಯಾರು?" ಎಂದಳು.

ಮಂಚಮ್ಮ ನನ್ನ ಮುಖ ನೋಡಿದಳು. ಕಾರ್ಯದರ್ಶಿ ಎನ್ನಲು ನನಗೆ ಈ ಸಲ ಬಾಯಿ ಬರಲಿಲ್ಲ.

"ಇವರ ತಾತ ಜೈಲಿಗೆ ಹೋಗಿದ್ದ ಅಂತ ಸುಳ್ಳು ಹುಟ್ಟಿಸಿದನಲ್ಲ, ಅವನ ಮೊಮ್ಮಗ ಕಣವ್ವ ನಾನು."

ಮುದುಕಿ ಮೊರವನ್ನು ಪಕ್ಕಕ್ಕಿಟ್ಟು, ಪಕ್ಕದ ಜಾಗವನ್ನು ಕೈಯಿಂದ ಒರೆಸಿದಳು. "ಕುಂತ್ಕಳಪ್ಪ, ಮೊದ್ಲಿಂದ ಏಳು" ಎಂದಳು.